ಬೆಳಕಿನ ಕಂಟ

ನಮ್ಮ ಮನೆಯ ಗಣಕಯಂತ್ರದಲ್ಲಿದ್ದ ಸಿ.ಡಿ. ಡ್ರೈವು, ಐದು ವರ್ಷಗಳ ಕಾಲ ಯಾವ ತಕರಾರೂ ಇಲ್ಲದೆ ದುಡಿದ ತರುವಾಯ, 2006ರ ಆಷಾಢದಲ್ಲಿ ಒಂದು ದಿನ ಬಿಲ್ಲೆಯನ್ನು ಒಳಗೆಳೆದುಕೊಂಡು, ಎರಡು ಮೂರು ಬಾರಿ ರಭಸದಿಂದ ತಿರುಗಿಸಿ, ಅದರಲ್ಲಿ ಏನೂ ಇಲ್ಲವೆಂಬಂತೆ ಸುಮ್ಮನಾಯಿತು. ಮಲೆನಾಡಿನ ಮಳೆಗಾಲದ ತೇವವೂ ಅಡುಗೆಮನೆಯ ಕಡೆಯಿಂದ ಸುಳಿದು ಬರುವ ಹೊಗೆಯೂ ಕೂಡಿ ಅದರೊಳಗಿನ ಪುಟ್ಟ ಮಸೂರದ ಮೇಲೆ ತೆಳುವಾದ ಪೊರೆಯೊಂದನ್ನು ಕಟ್ಟಿದ್ದಿರಬಹುದು. ಅಥವಾ ಕಿರಣವನ್ನು ಹೊಮ್ಮಿಸುವ ಲೇಸರ್ ಡಯೋಡಿಗೇ ಮುಪ್ಪು ಬಂದಿದ್ದಿರಬಹುದು. ಇಂಥ ಡ್ರೈವುಗಳು ಕಣ್ಣು ಕಳೆದುಕೊಳ್ಳುವುದು ಬಹುಮಟ್ಟಿಗೆ ಈ ಎರಡು ಕಾರಣಗಳಿಂದ. ಕೆಲವಕ್ಕೆ ಕಣ್ಣು ಸರಿಯಾಗಿದ್ದರೂ ಟ್ರೇಯನ್ನು ಸರಿಸುವ ರಬ್ಬರ್ ಬೆಲ್ಟು ಸಡಿಲವಾಗಿ ಬಾಯಿ ಕಚ್ಚಿಕೊಳ್ಳುವುದೂ ಉಂಟು. ಆಗ ಮುಂಭಾಗದಲ್ಲಿರುವ ಸಣ್ಣ ರಂಧ್ರದೊಳಕ್ಕೆ ನೆಟ್ಟಗೆ ಮಾಡಿದ ಕಾಗದದ ಕ್ಲಿಪ್ಪೊಂದನ್ನು ತೂರಿಸಿ ಒತ್ತಿದರೆ ಟ್ರೇ ಹೊರಗೆ ಬರುತ್ತದೆ, ಒಳಗೆ ಸಿಕ್ಕಿದ ಬಿಲ್ಲೆ ಉಳಿಯುತ್ತದೆ.

ಡ್ರೈವು ಕೆಟ್ಟದ್ದು ನಮಗೆ ಅದರ ಅಗತ್ಯ ಎಂದಿಗಿಂತ ಹೆಚ್ಚಾಗಿದ್ದ ಸಮಯದಲ್ಲಿ. ನಮ್ಮ ತಾಯಿಯವರು ಹಾಡುತ್ತಿದ್ದ ಹಸೆಹಾಡು, ಆರತಿಹಾಡು, ಹೆಣ್ಣು ಒಪ್ಪಿಸುವ ಹಾಡುಗಳನ್ನು ನಮ್ಮ ಅಕ್ಕ 1984ರ ಸುಮಾರಿನಲ್ಲಿ ಒಂದೊಂದು ಗಂಟೆಯ ಏಳು ಕ್ಯಾಸೆಟ್ಟುಗಳಲ್ಲಿ ತುಂಬಿಸಿಟ್ಟಿದ್ದಳು. ತಾಯಿಯವರು ತೀರಿಕೊಂಡ ಮೇಲೆ ಅವನ್ನು ತೆಗೆದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಬಂದ ಹೊತ್ತಿಗೆ ನೋಡಿದರೆ ಸುರುಳಿಗಳ ಅಂಚಿಗೆ ಬಿಳಿಯ ಬೂಷ್ಟು ಹಿಡಿದಿತ್ತು. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಅಕ್ಕನ ಮಗ ರಜಕ್ಕೆಂದು ಬಂದವನು, ಹದಿನೈದು ದಿನ ಕುಳಿತು ಸುರುಳಿಗಳನ್ನು ಒಂದೊಂದಾಗಿ ಒರೆಸಿ, ಟೇಪ್ ರೆಕಾರ್ಡರನ್ನು ಗಣಕಯಂತ್ರದ ಸೌಂಡ್ ಕಾರ್ಡಿಗೆ ಜೋಡಿಸಿ, ಏಳನ್ನೂ ಹಾರ್ಡ್ ಡಿಸ್ಕಿಗೆ ಇಳಿಸಿದನು. ಹೀಗೆ ಒಡಹುಟ್ಟಿದ ಐವರ ತಾಯಿಯ ಧ್ವನಿ ಒಂದೇ ಒಂದು ಹಾರ್ಡ್ ಡಿಸ್ಕನ್ನು ನಂಬಿಕೊಂಡು ನಿಂತಿತು. ಅದನ್ನು ಐದು ಮನೆಗಳಿಗೆ ಹಂಚುವುದು ಹೇಗೆ? ಇದ್ದ ಡ್ರೈವು ಸರಿಯಾಗಿದ್ದರೂ ಓದಬಲ್ಲುದೇ ಹೊರತು ಬರೆಯಬಲ್ಲುದಾಗಿರಲಿಲ್ಲ.

"ಮಾವ, ಇದನ್ನ ರಿಪೇರಿ ಮಾಡಿಸೋದು ಬೇಡ. ಒಂದು ಡಿ.ವಿ.ಡಿ. ರೈಟರ್ ಹಾಕಿಬಿಡೋಣ. ಓದೋದನ್ನೂ ಅದೇ ಓದುತ್ತೆ, ಬರೆಯೋದನ್ನೂ ಅದೇ ಬರೆಯುತ್ತೆ" ಎಂದ ಹುಡುಗ, ಮುಂದಿನ ವಾರ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಿಂದ ಅದನ್ನು ಕೊಂಡುತಂದನು. ರೈಟರ್ ಎಂಬ ಮಾತು ನನಗೆ ಹಿಡಿಸಿತು. ನಮ್ಮ ಸೀಮೆಯ ಕಾಫಿತೋಟಗಳಲ್ಲಿ ಆಳುಗಳ ಹಾಜರಿಯನ್ನೂ ಬಟವಾಡೆಯ ಲೆಕ್ಕವನ್ನೂ ಬರೆದಿಡುವಾತನಿಗೆ ಇಂದಿಗೂ ರೈಟರೆಂದೇ ಹೆಸರು. ತೋಟದಲ್ಲಿ ನಡೆದುದೆಲ್ಲ ಅವನ ಪುಸ್ತಕದಲ್ಲಿ ಬರೆದಾಗಲೇ ನಡೆದುದೆಂದು ಲೆಕ್ಕ. ಅಷ್ಟು ದಿನ ನಮ್ಮ ಮನೆಯ ಯಂತ್ರ ಬೇರೆಯವರು ಮುದ್ರಿಸಿ ಕಳುಹಿಸಿದ್ದನ್ನು ಓದುವ ಓದುಗನಷ್ಟೇ ಆಗಿತ್ತು. ಈಗ ನಮ್ಮದನ್ನು ಬರೆಯುವವನೊಬ್ಬ ಮನೆಗೆ ಬಂದನು. ನಾಲ್ಕು ತಿರುಪುಗಳನ್ನು ಬಿಚ್ಚಿ ನಾಲ್ಕು ತಿರುಪುಗಳನ್ನು ಹಾಕುವ ಈ ಅಲ್ಪ ಕೆಲಸ ಒಂದು ಗೃಹಕ್ಕೆ ಎಂಥ ಅಧಿಕಾರವನ್ನು ತಂದುಕೊಟ್ಟಿತೆಂಬುದು, ಬಿಲ್ಲೆಯೊಳಗೆ ನಡೆಯುವ ವ್ಯಾಪಾರವನ್ನು ತಿಳಿದುಕೊಂಡಾಗ ಚೆನ್ನಾಗಿ ಮನದಟ್ಟಾಗುತ್ತದೆ.

ಫಿಲಿಪ್ಸ್ ಮತ್ತು ಸೋನಿ ಸಂಸ್ಥೆಗಳು ಕೂಡಿ ರೂಪಿಸಿ, 1982ರ ಅಕ್ಟೋಬರಿನಲ್ಲಿ ಜಪಾನಿನಲ್ಲಿ ಮೊದಲು ಮಾರಾಟಕ್ಕೆ ಬಂದ ಸಿ.ಡಿ. 12 ಸೆಂಟಿಮೀಟರ್ ಅಗಲದ, 1.2 ಮಿಲಿಮೀಟರ್ ದಪ್ಪದ, ಪಾಲಿಕಾರ್ಬೊನೇಟ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕಿನ ಬಿಲ್ಲೆ. ಅದರಲ್ಲಿ ಬರಹವಿರುವುದು ಒಂದೇ ಒಂದು ಸಾಲಿನಲ್ಲಿ. ಆ ಸಾಲು ಕೇಂದ್ರದ ಬಳಿ ಆರಂಭವಾಗಿ ಚಕ್ಕುಲಿಯಂತೆ ಸುತ್ತುತ್ತ ಅಂಚಿನ ಕಡೆಗೆ ಸಾಗುತ್ತದೆ. ಗ್ರಾಮಫೋನ್ ತಟ್ಟೆಯ ಮುಳ್ಳು ಹೊರಗಿನಿಂದ ಒಳಕ್ಕೆ ನಡೆದರೆ ಇಲ್ಲಿ ಕಿರಣ ಒಳಗಿನಿಂದ ಹೊರಕ್ಕೆ ನಡೆಯುತ್ತದೆ. ಒಂದು ಸುತ್ತಿಗೂ ಅದರ ಪಕ್ಕದ ಸುತ್ತಿಗೂ ನಡುವಣ ಅಂತರ 1.6 ಮೈಕ್ರೊಮೀಟರ್ ಮಾತ್ರ, ಅಂದರೆ ಒಂದು ತಲೆಗೂದಲಿನ ದಪ್ಪದಷ್ಟು ಜಾಗದಲ್ಲಿ ಸುಮಾರು ನಲವತ್ತು ಸಾಲುಗಳು ಅಡಗಿರುತ್ತವೆ. ಇಡೀ ಸಾಲನ್ನು ಬಿಚ್ಚಿ ನೆಟ್ಟಗೆ ಹಾಸಿದರೆ ಅದು ಐದು ಕಿಲೋಮೀಟರಿಗೂ ಮೀರಿದ ಉದ್ದವಾದೀತು. ಕಾರ್ಖಾನೆಯಲ್ಲಿ ಅಚ್ಚೊತ್ತಿದ ಬಿಲ್ಲೆಯಲ್ಲಿ ಈ ಸಾಲಿನುದ್ದಕ್ಕೂ ಅತಿಸೂಕ್ಷ್ಮವಾದ ಕುಳಿಗಳೂ ಅವುಗಳ ನಡುವೆ ಸಮತಲವಾದ ಬಯಲುಗಳೂ ಇರುತ್ತವೆ.

ಓದುವ ಕೆಲಸಕ್ಕೆ ಬಳಸುವುದು 780 ನ್ಯಾನೊಮೀಟರ್ ತರಂಗದೂರದ ಅವಕೆಂಪು ಕಿರಣ, ಡಿ.ವಿ.ಡಿ.ಗಾದರೆ 650 ನ್ಯಾನೊಮೀಟರಿನ ಕೆಂಪು ಕಿರಣ. ಬಯಲಿನ ಮೇಲೆ ಬಿದ್ದ ಬೆಳಕು ಪ್ರಕಾಶಮಾನವಾಗಿ ಪ್ರತಿಫಲಿಸುತ್ತದೆ. ಕುಳಿಯ ಮೇಲೆ ಬಿದ್ದಾಗಲಾದರೋ, ಕುಳಿಯ ತಳದಿಂದ ಮರಳಿದ ಅಲೆಯೂ ಅದರ ಅಕ್ಕಪಕ್ಕದಿಂದ ಮರಳಿದ ಅಲೆಯೂ ಒಂದನ್ನೊಂದು ಕುಗ್ಗಿಸುವಷ್ಟು ಲೆಕ್ಕಾಚಾರದ ಆಳ ಆ ಕುಳಿಗಿರುವುದರಿಂದ, ಮರಳಿದ ಬೆಳಕು ಮಂದವಾಗುತ್ತದೆ. ಕುಳಿಯೆಂದರೆ ಒಂದು, ಬಯಲೆಂದರೆ ಸೊನ್ನೆ ಎಂದು ಅನೇಕರು ತಿಳಿದಿರುವರಷ್ಟೆ, ವಸ್ತುಸ್ಥಿತಿ ಹಾಗಿಲ್ಲ. ಪ್ರಕಾಶದಿಂದ ಮಾಂದ್ಯಕ್ಕೋ ಮಾಂದ್ಯದಿಂದ ಪ್ರಕಾಶಕ್ಕೋ ಆಗುವ ಬದಲಾವಣೆಯೇ ಒಂದು. ಬದಲಾವಣೆಯಿಲ್ಲದ ಅವಧಿಯೆಲ್ಲ ಸೊನ್ನೆಗಳು. ಮೃದಂಗದ ನಡೆಯನ್ನು ಅರಿಯುವುದಕ್ಕೆ ಪೆಟ್ಟಿನಷ್ಟೇ ಎರಡು ಪೆಟ್ಟುಗಳ ನಡುವಣ ಕಾಲವೂ ಹೇಗೆ ಬೇಕೋ ಇದೂ ಹಾಗೆ. ಬಿಲ್ಲೆಗೆ ಗೀರು ಬಿದ್ದರೂ ಹಾಡು ನಿಲ್ಲದಿರುವುದಕ್ಕೆ ಇನ್ನೊಂದು ಕಾರಣವುಂಟು. ಇರ್ವಿಂಗ್ ರೀಡ್ ಮತ್ತು ಗುಸ್ಟಾವ್ ಸಾಲೊಮನ್ ಎಂಬ ಇಬ್ಬರು ಗಣಿತಜ್ಞರು 1960ರಲ್ಲಿ ಪ್ರಕಟಿಸಿದ ದೋಷಪರಿಹಾರದ ಕ್ರಮವೊಂದನ್ನು ಅನುಸರಿಸಿ, ಬರಹದ ಅಂಶಗಳನ್ನು ಹೆಚ್ಚುವರಿ ಸಾಕ್ಷ್ಯಸಂಖ್ಯೆಗಳೊಡನೆ ಹೆಣೆದು ದೂರದೂರಕ್ಕೆ ಚದುರಿಸಿಟ್ಟಿರುತ್ತಾರೆ. ಸಾಲಿನಲ್ಲಿ ಸುಮಾರು ಎರಡೂವರೆ ಮಿಲಿಮೀಟರಿನಷ್ಟು ಉದ್ದ ಪೂರ್ತಿಯಾಗಿ ಅಳಿದುಹೋದರೂ ಉಳಿದದ್ದರಿಂದ ಅದನ್ನು ಗಣಿಸಿ ತುಂಬಿಕೊಳ್ಳಬಹುದು.

ಇದಿಷ್ಟೂ ಓದಿನ ಮಾತು. ಮನೆಯಲ್ಲಿ ಕುಳಿತು ಪ್ಲಾಸ್ಟಿಕ್ಕಿನಲ್ಲಿ ಕುಳಿಯೊತ್ತುವುದು ಸಾಧ್ಯವಿಲ್ಲವಷ್ಟೆ. ಆದುದರಿಂದ ಬರೆಯುವುದಕ್ಕೆ ಬೇರೊಂದು ಉಪಾಯ ಬೇಕಾಯಿತು. 1988ರಲ್ಲಿ ಜಪಾನಿನ ತಾಯಿಯೊ ಯೂಡೆನ್ ಸಂಸ್ಥೆ ಕಂಡುಕೊಂಡ ಉಪಾಯವೆಂದರೆ, ಪ್ಲಾಸ್ಟಿಕ್ಕಿಗೂ ಅದರ ಮೇಲಿನ ಲೋಹದ ಪೊರೆಗೂ ನಡುವೆ ಸಾವಯವ ಬಣ್ಣದ ಲೇಪವೊಂದನ್ನು ಹಚ್ಚುವುದು. ಬರೆಯುವ ಬಿಲ್ಲೆಯನ್ನು ತಿರುಗಿಸಿ ನೋಡಿದರೆ ಕಾಣುವ ನಸುಹಸಿರು ಅಥವಾ ನೀಲಿ ಛಾಯೆ ಆ ಬಣ್ಣದ್ದು. ಓದುವಾಗಿನದಕ್ಕಿಂತ ಹತ್ತಾರು ಪಟ್ಟು ಪ್ರಬಲವಾಗಿ ಕಿರಣವನ್ನು ಕ್ಷಣಮಾತ್ರ ಹೊಮ್ಮಿಸಿದಾಗ, ಆ ಬಿಂದುವಿನಲ್ಲಿ ಬಣ್ಣ ಕಾದು, ಕೆಟ್ಟು, ಬೆಳಕನ್ನು ಮೊದಲಿನಂತೆ ಹಾಯಗೊಡದಾಗುತ್ತದೆ; ಓದುವ ಕಣ್ಣಿಗೆ ಅದು ಕುಳಿಯಂತೆಯೇ ಕಾಣುತ್ತದೆ. ಸಿ.ಡಿ. ಬರ್ನ್ ಮಾಡುವುದೆಂದು ಹುಡುಗರು ಹೇಳುವ ಮಾತು ಅಲಂಕಾರವಲ್ಲ, ಯಥಾರ್ಥ: ಅಲ್ಲಿ ನಿಜವಾಗಿಯೂ ಸುಡುವ ಕಾರ್ಯ ನಡೆಯುತ್ತದೆ. ಓದುವ ಯಂತ್ರಕ್ಕೂ ಬರೆಯುವ ಯಂತ್ರಕ್ಕೂ ಇರುವ ಮುಖ್ಯ ವ್ಯತ್ಯಾಸ ಈ ಕಿರಣದ ಬಲ ಮತ್ತು ಅದರ ಮೇಲಿನ ಹಿಡಿತ.

ಖಾಲಿ ಬಿಲ್ಲೆಯೆಂದು ನಾವು ಕರೆಯುವುದೂ ಪೂರ್ತಿ ಖಾಲಿಯಲ್ಲ. ಅದರಲ್ಲಿ ಆಗಲೇ ಒಂದು ಸುರುಳಿಯ ಗೀರು ಇರುತ್ತದೆ; ಕಾಪಿ ಪುಸ್ತಕದಲ್ಲಿ ಗೆರೆಯೆಳೆದುಕೊಟ್ಟಂತೆ. ಆ ಗೀರು ನೇರವಾಗಿರದೆ ಅತಿಸೂಕ್ಷ್ಮವಾಗಿ ಓಲಾಡುತ್ತ ಸಾಗುವಂತೆ ಮಾಡಿ, ಆ ಓಲಾಟದಲ್ಲಿಯೇ ಜಾಗದ ಗುರುತನ್ನೂ, ಈ ಬಣ್ಣವನ್ನು ಸುಡುವುದಕ್ಕೆ ಎಷ್ಟು ಬಲ ಯೋಗ್ಯವೆಂಬ ತಯಾರಕರ ಸೂಚನೆಯನ್ನೂ ಅಡಗಿಸಿಟ್ಟಿರುತ್ತಾರೆ. ಬರಹಕ್ಕೆ ತೊಡಗುವ ಮುನ್ನ ಡ್ರೈವು ಕೇಂದ್ರದ ಬಳಿ ಅದಕ್ಕೆಂದೇ ಮೀಸಲಾದ ಸ್ಥಳದಲ್ಲಿ ಬೇರೆಬೇರೆ ಬಲಗಳಲ್ಲಿ ಸ್ವಲ್ಪ ಸುಟ್ಟು ನೋಡಿ, ತನ್ನ ಕೈಯನ್ನು ಹದಮಾಡಿಕೊಳ್ಳುತ್ತದೆ. ತಾಳೆಗರಿಯ ಲಿಪಿಕಾರ ಕಬ್ಬಿಣದ ಕಂಟದ ಮೊನೆಯನ್ನು ಮೊದಲು ಒಂದು ತುಂಡುಗರಿಯ ಮೇಲೆ ಆಡಿಸಿ ನೋಡುವಂತೆ ಎಂದು ನನಗೆ ತೋರಿತು.

ತಾಳೆಗರಿಯ ಹೋಲಿಕೆ ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೋಗುತ್ತದೆ. ಕಂಟದಿಂದ ಗರಿಯ ಮೇಲೆ ಕೊರೆದದ್ದನ್ನು ಅಳಿಸಲಾಗದು, ಸಿ.ಡಿ.-ಆರ್ ಎಂಬ ಒಮ್ಮೆ ಬರೆಯುವ ಬಿಲ್ಲೆ ಈ ಜಾತಿಯದು. ಆದರೆ ನಮ್ಮ ನಾಡಿನಲ್ಲಿ ಇನ್ನೊಂದು ಬಗೆಯ ಬರವಣಿಗೆಯ ಸಾಧನವೂ ಇದ್ದಿತು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲಿನ ಮಸಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದ ಕಡತ. ಶೃಂಗೇರಿಯ ಮಠದ ಲೆಕ್ಕಪತ್ರಗಳೂ ಪತ್ರವ್ಯವಹಾರಗಳೂ ಇಂಥ ಕಡತಗಳಲ್ಲಿ ಉಳಿದುಬಂದಿವೆ. ಅಗತ್ಯವಿಲ್ಲದ ಬರಹವನ್ನು ಒರೆಸಿ, ಮತ್ತೆ ಮಸಿ ಬಳಿದು ಅದೇ ಬಟ್ಟೆಯ ಮೇಲೆ ಹೊಸದನ್ನು ಬರೆಯಬಹುದಾಗಿತ್ತು. 1997ರಲ್ಲಿ ಬಂದ ಸಿ.ಡಿ.-ಆರ್.ಡಬ್ಲ್ಯು. ಎಂಬ ಮರುಬರಹದ ಬಿಲ್ಲೆ ಈ ಕಡತದ ಜಾತಿಗೆ ಸೇರಿದುದು. ಅದರಲ್ಲಿ ಬಣ್ಣದ ಬದಲು ಬೆಳ್ಳಿ, ಇಂಡಿಯಂ, ಆಂಟಿಮನಿ, ಟೆಲ್ಯುರಿಯಂಗಳ ಮಿಶ್ರಲೋಹವಿರುತ್ತದೆ. ಕಾಸಿ ಕರಗಿಸಿ ಥಟ್ಟನೆ ತಣಿಸಿದರೆ ಅದು ಸ್ಫಟಿಕತ್ವವನ್ನು ಕಳೆದುಕೊಂಡು ಮಂಕಾಗುತ್ತದೆ, ಹದವಾಗಿ ಕಾಸಿದರೆ ಪುನಃ ಸ್ಫಟಿಕವಾಗಿ ಹೊಳೆಯುತ್ತದೆ. ಹೀಗೆ ಸುಮಾರು ಸಾವಿರ ಸಲ ಬರೆದು ಅಳಿಸಬಹುದು. ಅದರ ಹೊಳಪು ಸಾಮಾನ್ಯ ಬಿಲ್ಲೆಯದಕ್ಕಿಂತ ಬಹಳ ಕಡಮೆಯಾದುದರಿಂದ ಹಳೆಯ ಡ್ರೈವುಗಳೂ ಹಳೆಯ ಸಿ.ಡಿ. ಪ್ಲೇಯರುಗಳೂ ಅನೇಕ ವೇಳೆ ಅದನ್ನು ಓದಲಾರವು. ಗಣಕಯಂತ್ರದಲ್ಲಿ ಉಳಿಸಿಟ್ಟ ಬರಹದ ಗಂಟಿಗೆ ಕನ್ನಡದಲ್ಲಿ ಕಡತವೆಂಬ ಹೆಸರನ್ನೇ ಕೊಟ್ಟವರು ಯಾರೋ ತಿಳಿಯದು. ಅವರಿಗೆ ನಾನು ಮನಸ್ಸಿನಲ್ಲಿಯೇ ವಂದಿಸಿದ್ದೇನೆ.

ಇನ್ನು ಡ್ರೈವನ್ನು ಬದಲಿಸಿದ ಬಗೆ. ವಿದ್ಯುತ್ತಿನ ತಂತಿಯನ್ನು ಗೋಡೆಯಿಂದ ಕಿತ್ತು, ಕ್ಯಾಬಿನೆಟ್ಟಿನ ಎರಡು ಪಕ್ಕದ ಹಲಗೆಗಳನ್ನೂ ತೆಗೆದ ಮೇಲೆ, ಹುಡುಗ ಮೊದಲು ಮಾಡಿದ ಕೆಲಸವೆಂದರೆ ಒಳಗಿನ ಬರಿಯ ಲೋಹದ ಚೌಕಟ್ಟನ್ನು ಅಂಗೈಯಿಂದ ಮುಟ್ಟಿದ್ದು. ಮೈಯಲ್ಲಿ ಸಂಗ್ರಹವಾದ ಸ್ಥಿರವಿದ್ಯುತ್ತು ಹಾಗೆ ಹರಿದುಹೋಗದಿದ್ದರೆ ಸೂಕ್ಷ್ಮವಾದ ಚಿಪ್ಪುಗಳಿಗೆ ಅಪಾಯ. ಎರಡನೆಯದಾಗಿ ಅವನು ಹಳೆಯ ಡ್ರೈವಿನ ಹಿಂಭಾಗವನ್ನು ಬಹಳ ಹೊತ್ತು ನೋಡಿ ಒಂದು ಕಾಗದದ ಮೇಲೆ ಚಿತ್ರ ಬರೆದುಕೊಂಡನು. ಕೆಲಸದಲ್ಲೆಲ್ಲ ಮುಖ್ಯವಾದದ್ದು ಇದೇ ಎಂದು ನನ್ನ ಅಭಿಪ್ರಾಯ. ಬಿಚ್ಚುವುದಕ್ಕೆ ಮುಂಚೆ ನೋಡಿಕೊಳ್ಳದವನು ಕೂಡಿಸುವಾಗ ಕಷ್ಟಪಡುತ್ತಾನೆ. ಆ ಕಾಲದ ಯಂತ್ರಗಳಲ್ಲಿ ಡ್ರೈವಿನ ಹಿಂದೆ 40 ಸೂಜಿಗಳ ಕೊಂಡಿಯೂ ಅದಕ್ಕೆ ಸಿಕ್ಕಿಸುವ ಅಗಲವಾದ ಪಟ್ಟಿ ಕೇಬಲ್ಲೂ ಇರುತ್ತಿದ್ದವು. ಕೇಬಲ್ಲಿನ ಒಂದು ಅಂಚಿಗೆ ಸಾಮಾನ್ಯವಾಗಿ ಕೆಂಪು ಗೆರೆಯಿರುವುದು. ಅದು ಮೊದಲನೆಯ ಸೂಜಿಯ ಕಡೆ, ಎಂದರೆ ಬಹುತೇಕ ಡ್ರೈವುಗಳಲ್ಲಿ ವಿದ್ಯುತ್ತಿನ ಕೊಂಡಿಯ ಮಗ್ಗುಲಿಗೆ ಬರತಕ್ಕದ್ದು. ವಿದ್ಯುತ್ತಿನ ಕೊಂಡಿಯಲ್ಲಿ ನಾಲ್ಕು ತಂತಿಗಳು: ಹಳದಿಯದರಲ್ಲಿ 12 ವೋಲ್ಟ್, ಕೆಂಪಿನದರಲ್ಲಿ 5 ವೋಲ್ಟ್, ನಡುವಣ ಎರಡು ಕರಿಯವು ಭೂಮಿಗೆ ಸೇರಿದವು.

ಒಂದೇ ಪಟ್ಟಿಗೆ ಎರಡು ಉಪಕರಣಗಳನ್ನು ಜೋಡಿಸಬಹುದಾಗಿದ್ದುದರಿಂದ, ಯಾವುದು ಯಾವುದೆಂದು ಯಂತ್ರ ಗುರುತಿಸುವುದಕ್ಕೋಸ್ಕರ ಪ್ರತಿಯೊಂದರ ಬೆನ್ನ ಮೇಲೂ ಜಂಪರ್ ಎಂಬ ಬೇಳೆಕಾಳಿನಷ್ಟು ಚಿಕ್ಕ ಮುಚ್ಚಳವನ್ನು ಎರಡು ಸೂಜಿಗಳ ಮೇಲೆ ಕೂರಿಸಿ, ಒಂದನ್ನು ಮಾಸ್ಟರ್ ಇನ್ನೊಂದನ್ನು ಸ್ಲೇವ್ ಎಂದು ನಿಯಮಿಸುತ್ತಿದ್ದರು. ಒಡೆಯ, ಗುಲಾಮ ಎಂಬ ಈ ಹೆಸರುಗಳು ನನಗೆ ಎಂದೂ ರುಚಿಸಿದುವಲ್ಲ. ಹಳೆಯ ಡ್ರೈವಿನ ಜಂಪರ್ ಯಾವ ಸ್ಥಾನದಲ್ಲಿತ್ತೋ ಹೊಸದರದ್ದನ್ನೂ ಅದೇ ಸ್ಥಾನಕ್ಕೆ ತಂದರೆ ಬೇರೆ ಚಿಂತೆ ಬೇಕಿಲ್ಲ. ಇದಾದ ಮೇಲೆ ಪಕ್ಕಕ್ಕೆ ಎರಡೆರಡರಂತೆ ನಾಲ್ಕು ತಿರುಪುಗಳನ್ನು ಬಿಚ್ಚಿದರೆ ಹಳೆಯದು ಮುಂಬದಿಯಿಂದ ಜಾರಿ ಹೊರಗೆ ಬರುತ್ತದೆ, ಹೊಸದು ಅದೇ ದಾರಿಯಿಂದ ಒಳಗೆ ಹೋಗುತ್ತದೆ. ಎಲ್ಲರಿಗೂ ಹೇಳಬೇಕಾದ ಒಂದು ಎಚ್ಚರಿಕೆಯುಂಟು: ಸಿ.ಡಿ. ಡ್ರೈವಿನ ತಿರುಪುಗಳ ಸುತ್ತು ನವುರು, ಹಾರ್ಡ್ ಡಿಸ್ಕಿನವುಗಳದು ಒರಟು. ಕೈಗೆ ಸಿಕ್ಕಿದ್ದನ್ನು ಬಲವಂತವಾಗಿ ತಿರುಗಿಸಿದರೆ ಹೊಸ ಡ್ರೈವಿನ ರಂಧ್ರ ಕೆಟ್ಟುಹೋಗುತ್ತದೆ. 2003ರ ಈಚೆಗೆ ಬಳಕೆಗೆ ಬಂದ ಸಾಟಾ ಎಂಬ ಸಪುರ ಕೇಬಲ್ಲಿನ ಕ್ರಮದಲ್ಲಿ ಒಂದು ಕೇಬಲ್ಲಿಗೆ ಒಂದೇ ಉಪಕರಣ, ಜಂಪರಿನ ಗೋಜಿಲ್ಲ.

ಎಲ್ಲವನ್ನೂ ಕೂಡಿಸಿ ಯಂತ್ರವನ್ನು ಚಾಲನೆಗೊಳಿಸಿದಾಗ ಹೊಸ ಡ್ರೈವಿನ ದೀಪ ಬೆಳಗಿತಾದರೂ ಗಣಕಯಂತ್ರ ಅದನ್ನು ಗುರುತಿಸಲಿಲ್ಲ. ಹುಡುಗನ ಮುಖ ಬಾಡಿತು. ವಿದ್ಯುತ್ತು ತೆಗೆದು ಮತ್ತೆ ನೋಡಿದರೆ ಪಟ್ಟಿ ಕೇಬಲ್ಲಿನ ಒಂದು ಕಡೆ ಮಾತ್ರ ಪೂರ್ತಿ ಕುಳಿತು ಇನ್ನೊಂದು ಕಡೆ ಕೂದಲೆಳೆಯಷ್ಟು ಎದ್ದಿತ್ತು. ಎರಡು ಹೆಬ್ಬೆರಳುಗಳಿಂದ ಸಮನಾಗಿ ಒತ್ತಿ ಕೂರಿಸಿದ ಮೇಲೆ ತೆರೆಯ ಮೇಲೆ ಡ್ರೈವಿನ ಹೆಸರು ಮೂಡಿತು. ಅಕ್ಕ ಒಳಗಿನಿಂದ ಬಂದು, "ಬಂತೇನೋ?" ಎಂದಳು. "ಬಂತಮ್ಮ" ಎಂದು ಅವನು ಹೇಳಿದ ಧ್ವನಿ ನನಗೆ ಇನ್ನೂ ನೆನಪಿದೆ.

ಆ ರಾತ್ರಿಯಿಂದ ಬರವಣಿಗೆ ಆರಂಭವಾಯಿತು. ಸಿ.ಡಿ.ಯ ಕ್ರಮದಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ಬರೆದುಕೊಳ್ಳುವುದರಿಂದ ಒಂದು ಗಂಟೆಯ ಹಾಡಿಗೆ ಸುಮಾರು 635 ಮೆಗಾಬೈಟ್ ಸ್ಥಳ ಬೇಕು. ಒಂದು ಕ್ಯಾಸೆಟ್ಟಿಗೆ ಒಂದು ಸಿ.ಡಿ. ಎಂದರೆ ಮನೆಗೆ ಏಳರಂತೆ ಐದು ಮನೆಗೆ 35. ಆದರೆ ಹೊಸ ಡ್ರೈವು ಡಿ.ವಿ.ಡಿ.ಯನ್ನೂ ಬರೆಯಬಲ್ಲುದಾಗಿತ್ತು, 470 ಕೋಟಿ ಬೈಟ್ ಹಿಡಿಯುವ ಒಂದು ಡಿ.ವಿ.ಡಿ.ಯಲ್ಲಿ ಇದೇ ಗುಣಮಟ್ಟದ ಧ್ವನಿ ಏಳು ಗಂಟೆಗೂ ತುಸು ಹೆಚ್ಚು ಕಾಲದ್ದು ಹಿಡಿಯುತ್ತದೆ. ಅಮ್ಮನ ಏಳು ಗಂಟೆಯ ಹಾಡು ಒಂದೇ ಬಿಲ್ಲೆಯಲ್ಲಿ ಹೇಳಿಮಾಡಿಸಿದಂತೆ ಅಡಕವಾಯಿತು. ಸಾಧಾರಣ ಪ್ಲೇಯರಿನಲ್ಲಿ ಹಾಕಿ ಕೇಳುವುದಕ್ಕೆಂದು ಸಿ.ಡಿ.ಗಳು, ಕಾಪಿಡುವುದಕ್ಕೆಂದು ಎರಡು ಡಿ.ವಿ.ಡಿ.ಗಳು ಎಂದು ತೀರ್ಮಾನಿಸಿದೆವು. ಬಿಲ್ಲೆಯ ಪೆಟ್ಟಿಗೆಯ ಮೇಲೆ ಎಷ್ಟೇ ದೊಡ್ಡ ವೇಗವನ್ನು ಮುದ್ರಿಸಿದ್ದರೂ ಹುಡುಗ ಮಧ್ಯಮ ವೇಗವನ್ನೇ ಆರಿಸಿಕೊಂಡನು. ಒಂದೊಂದಕ್ಕೆ ಐದಾರು ನಿಮಿಷ ಹಿಡಿಯಿತು.

ಬರೆಯುವ ಕಿರಣ ನಡುವೆ ನಿಲ್ಲಬಾರದು. ಮೊದಮೊದಲಿನ ರೈಟರುಗಳಲ್ಲಿ ಗಣಕಯಂತ್ರ ಒಂದು ಕ್ಷಣ ಬೇರೆ ಕಡೆ ಗಮನವಿಟ್ಟು ಅಂಶಗಳನ್ನು ಒದಗಿಸುವುದು ತಡವಾದರೂ ಬಿಲ್ಲೆ ವ್ಯರ್ಥವಾಗುತ್ತಿತ್ತು. 2000ದ ಹೊತ್ತಿಗೆ, ನಿಂತಲ್ಲಿಂದ ಮತ್ತೆ ಕರಾರುವಾಕ್ಕಾಗಿ ಮುಂದುವರಿಯುವ ಉಪಾಯವನ್ನು ಡ್ರೈವುಗಳಲ್ಲಿಯೇ ಅಳವಡಿಸಿ ಆ ತೊಂದರೆಯನ್ನು ನೀಗಿದರು. ನಮ್ಮೂರಿನ ಆಷಾಢದ ಕರೆಂಟಿಗೆ ಮಾತ್ರ ಆ ಉಪಾಯ ನಾಟುವಂತಿರಲಿಲ್ಲ. ಮರ ಬಿದ್ದು ತಂತಿ ಹರಿದು ಮೂರು ಬಿಲ್ಲೆಗಳು ಅರ್ಧದಲ್ಲಿ ನಿಂತು ಕೆಲಸಕ್ಕೆ ಬಾರದಾದುವು. ಕಡೆಯಲ್ಲಿ ಡ್ರೈವು ತಾನೇ ವಿಷಯಸೂಚಿಯನ್ನು ಬರೆದು ಮುಗಿಸುವ ಒಂದು ಘಟ್ಟವುಂಟು. ಫೈನಲೈಸ್ ಎಂದು ಅದರ ಹೆಸರು. ಅದಾಗದಿದ್ದರೆ ಬೇರೆ ಯಂತ್ರಗಳು ಆ ಬಿಲ್ಲೆಯನ್ನು ಓದಲಾರವು. ಓಲೆಯ ಕೊನೆಯಲ್ಲಿ ಲಿಪಿಕಾರರು ಮಂಗಳ ಮಹಾಶ್ರೀ ಎಂದು ಬರೆದು ಮುಗಿಸುತ್ತಿದ್ದುದನ್ನು ಕಂಡಿದ್ದ ಅಕ್ಕ, ಪ್ರತಿಯೊಂದು ಬಿಲ್ಲೆ ಹೊರಬಂದಾಗಲೂ ಅದನ್ನು ಕಣ್ಣಿಗೊತ್ತಿಕೊಂಡು ಕವರಿಗೆ ಹಾಕಿದಳು.

ಸುಟ್ಟ ಬರಹ ಶಾಶ್ವತವೆಂದು ನಾವು ಆಗ ಭಾವಿಸಿದ್ದೆವು. ಅದು ಹಾಗಲ್ಲವೆಂದು ಓದುತ್ತ ಓದುತ್ತ ತಿಳಿಯಿತು. ಸುಡದೆ ಉಳಿದ ಬಣ್ಣ ಬಿಸಿಲಿಗೂ ಸೆಕೆಗೂ ಮೆಲ್ಲಮೆಲ್ಲನೆ ಮಾಸುತ್ತದೆ, ಲೋಹದ ಪೊರೆಗೆ ತೇವ ಶತ್ರು. ಸಿ.ಡಿ.ಯ ತಳಭಾಗವನ್ನು ಜೋಪಾನ ಮಾಡಿ ಹೆಸರು ಬರೆಯುವ ಮೇಲ್ಭಾಗವನ್ನು ಅಲಕ್ಷಿಸುವುದು ಎಲ್ಲರೂ ಮಾಡುವ ತಪ್ಪು. ತಳದಲ್ಲಿ ಮಿಲಿಮೀಟರಿಗೂ ಮೀರಿದ ಪ್ಲಾಸ್ಟಿಕ್ಕಿನ ರಕ್ಷೆಯಿದೆ; ಮೇಲಾದರೋ ಲೋಹದ ಪೊರೆಯನ್ನು ಕಾಯುವುದು ತೆಳುವಾದ ಮೆರುಗೆಣ್ಣೆಯ ಲೇಪ ಮಾತ್ರ, ಬಾಲ್‌ಪಾಯಿಂಟ್ ಪೆನ್ನಿನ ಒತ್ತು ಅದನ್ನು ದಾಟಿ ಬರಹವನ್ನೇ ಕೆಡಿಸಬಲ್ಲುದು. ಡಿ.ವಿ.ಡಿ.ಯಲ್ಲಿ ಬರಹದ ಪದರ ಎರಡು ಅರೆಬಿಲ್ಲೆಗಳ ನಡುವೆ ಇರುವುದರಿಂದ ಈ ಭಯ ಕಡಮೆ. ನಮ್ಮ ಅಜ್ಜಿಯ ಕಾಲದಲ್ಲಿ ಓಲೆಗಳನ್ನು ಹುಳು ತಿನ್ನದಿರಲೆಂದು ಒಲೆಯ ಮೇಲಿನ ಅಟ್ಟದಲ್ಲಿ, ಹೊಗೆಯಾಡುವಲ್ಲಿ ಇಡುತ್ತಿದ್ದರು. ಬಿಲ್ಲೆಗಳಿಗೆ ಆ ಜಾಗ ಸಲ್ಲದು. ಬೆಳಕಿಲ್ಲದ, ತಂಪಾದ, ಒಣಗಿದ ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿಡಬೇಕು. ಮಲೆನಾಡಿನಲ್ಲಿ ಒಣಗಿದ ಕಪಾಟು ದುರ್ಲಭವಾದುದರಿಂದ ಮುಚ್ಚಳ ಭದ್ರವಾದ ತಗಡಿನ ಡಬ್ಬಿಯಲ್ಲಿ, ಹೊಸ ಚೀಲಗಳೊಳಗೆ ಸಿಕ್ಕುವ ತೇವ ಹೀರುವ ಹರಳುಗಳ ಪೊಟ್ಟಣಗಳನ್ನು ಕೂಡಿಹಾಕಿ ಇಟ್ಟೆವು.

ಆಮೇಲಿನ ಹದಿನೇಳು ವರ್ಷಗಳಲ್ಲಿ ಎಷ್ಟೋ ಬದಲಾಯಿತು. ಹೊಸ ಲ್ಯಾಪ್‌ಟಾಪುಗಳಲ್ಲಿ ಬಿಲ್ಲೆಗೆ ಬಾಯಿಯೇ ಇಲ್ಲ. ದೆಹಲಿಯಲ್ಲಿ 1983ರಲ್ಲಿ ಹುಟ್ಟಿ, ಬರೆಯುವ ಬಿಲ್ಲೆಗಳನ್ನು ತಯಾರಿಸುವುದರಲ್ಲಿ ಜಗತ್ತಿನ ಪ್ರಮುಖರ ಸಾಲಿನಲ್ಲಿ ನಿಂತಿದ್ದ ಮೋಸರ್ ಬೇರ್ ಸಂಸ್ಥೆ 2018ರಲ್ಲಿ ಮುಚ್ಚುವ ಸ್ಥಿತಿಗೆ ಬಂದಿತು. 2023ರ ನವರಾತ್ರಿಯಲ್ಲಿ ಎಲ್ಲರೂ ಸೇರಿದ್ದಾಗ ತಗಡಿನ ಡಬ್ಬಿಯನ್ನು ತೆಗೆದೆವು. ಏಳರಲ್ಲಿ ಆರು ಬಿಲ್ಲೆಗಳು ಸರಾಗವಾಗಿ ಹಾಡಿದುವು. ನಾಲ್ಕನೆಯದು ಹೆಣ್ಣು ಒಪ್ಪಿಸುವ ಹಾಡಿನ ಮಧ್ಯದಲ್ಲಿ ತಡವರಿಸಿ ನಿಂತಿತು. ಬೆಳಕಿಗೆ ಹಿಡಿದು ನೋಡಿದರೆ ಅಂಚಿನ ಬಳಿ ಲೋಹದ ಪೊರೆಯಲ್ಲಿ ಸೂಜಿಮೊನೆಯಂಥ ತೂತುಗಳು ಕಂಡುವು. ಡಿ.ವಿ.ಡಿ. ಎರಡೂ ಚೆನ್ನಾಗಿದ್ದುವು. ಅಕ್ಕನ ಮಗ ಯು.ಎಸ್.ಬಿ. ತಂತಿಗೆ ಜೋಡಿಸುವ ಅಂಗೈಯಗಲದ ರೈಟರೊಂದನ್ನು ತಂದಿದ್ದನು. ಈಗಿನದಕ್ಕೆ ಕ್ಯಾಬಿನೆಟ್ಟನ್ನು ಬಿಚ್ಚಬೇಕಾಗಿಲ್ಲ, ತಿರುಪಿನ ಕೆಲಸವೂ ಇಲ್ಲ. ಅವನ ಮಗಳು ಪಕ್ಕದಲ್ಲಿ ನಿಂತು, "ಅಜ್ಜ, ಇದು ಯಾರ ಧ್ವನಿ?" ಎಂದು ಕೇಳುತ್ತಿದ್ದಂತೆ, ಡಿ.ವಿ.ಡಿ.ಯಿಂದ ನಾಲ್ಕನೆಯ ಗಂಟೆಯನ್ನು ತೆಗೆದು ಹೊಸ ಬಿಲ್ಲೆಗೆ ಬರೆದೆವು. ಅದರ ಮಧ್ಯದ ರಂಧ್ರದ ಸುತ್ತಲೂ ಬರಹವಿಲ್ಲದ ಸ್ಪಷ್ಟವಾದ ಉಂಗುರವಿದೆಯಷ್ಟೆ. ಅಲ್ಲಿ ಮೆತ್ತನೆಯ ಮೊನೆಯ ಪೆನ್ನಿನಿಂದ ಅಕ್ಕ ತನ್ನ ನಡುಗುವ ಕೈಯಲ್ಲಿ "ಎರಡನೆಯ ಪ್ರತಿ, 2023" ಎಂದು ಬರೆದು, ಶಾಯಿ ಆರುವವರೆಗೆ ಹಿಡಿದುಕೊಂಡಿದ್ದು, ಆಮೇಲೆ ಡಬ್ಬಿಯಲ್ಲಿ ಹಳೆಯದರ ಪಕ್ಕಕ್ಕೇ ಇಟ್ಟಳು.